ಕೊಡಲಿ ಅಕ್ಷರ

"ಬುದ್ಧಿ, ನಾನು ಹೇಳಲು ಹೋದದ್ದು ಒಳ್ಳೆಯ ಮಾತು. ಅದರಲ್ಲಿ ಸುಳ್ಳಿರಲಿಲ್ಲ, ಸ್ವಾರ್ಥವೂ ಇರಲಿಲ್ಲ. ಬೀದಿಗೆಲ್ಲ ಕೇಳುವ ಹಾಗೆ ಹೇಳಿದೆ. ಆದರೂ ಬಾಗಿಲು ಹಾಕಿಕೊಂಡರು. ಒಳ್ಳೆಯ ಮಾತು ಏಕೆ ತಲುಪುವುದಿಲ್ಲ?"

ಹೀಗೆ ಕೇಳಿದವನು ಮಹಾಲಿಂಗಪ್ಪ, ಧಾನ್ಯದ ವ್ಯಾಪಾರಿ. ಅವನ ತಮ್ಮ, ಅಣ್ಣನ ಬೈಗುಳ ತಾಳದೆ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಮನೆ ಬಿಟ್ಟು ಆರು ವರ್ಷವಾಗಿತ್ತು. ಆದದ್ದೆಲ್ಲ ಆಯಿತು, ಮನೆಗೆ ಬಾ ಎಂದು ಕರೆಯಲು ಅಣ್ಣ ತಾನೇ ಹೋಗಿದ್ದ. ತಮ್ಮನ ಮುಖವನ್ನೂ ನೋಡದೆ ಹಿಂದಿರುಗಿದ್ದ.

ಗುರುಗಳು ಕಾವಿ ಉಡುವುದಕ್ಕೆ ಮೊದಲು ಇಪ್ಪತ್ತು ವರ್ಷ ಜವಳಿ ಅಂಗಡಿ ನಡೆಸಿದವರು. ಸಮಾಧಾನದ ಮಾತು ಅವರ ಬಾಯಲ್ಲಿ ಸುಲಭವಾಗಿ ಬರುತ್ತಿರಲಿಲ್ಲ. ಕೂತುಕೋ ಎಂದು ಕೈಸನ್ನೆ ಮಾಡಿ, ಈ ಕತೆ ಹೇಳಿದರು.

ಒಂದು ಪೇಟೆಯ ಊರಿನಲ್ಲಿ ಒಬ್ಬ ಬಡಗಿ ಇದ್ದ. ಬಾಗಿಲು, ತೊಟ್ಟಿಲು, ನೇಗಿಲು ಎಲ್ಲವನ್ನೂ ಮಾಡಬಲ್ಲವನು. ಆದರೆ ಅವನ ಮನಸ್ಸು ಇದ್ದದ್ದು ಅಕ್ಷರದ ಮೇಲೆ. ಅಚ್ಚುಕೂಟದವರಿಗೆ ಮರದ ಅಕ್ಷರ ಕೆತ್ತಿ ಕೊಡುತ್ತಿದ್ದ. ಆಗ ಸೀಸದ ಅಚ್ಚುಮೊಳೆಗಳು ಹೆಬ್ಬೆರಳಿಗಿಂತ ದೊಡ್ಡವು ಸಿಗುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಅಕ್ಷರ ಬೇಕಾದರೆ ಮರದಲ್ಲೇ ಆಗಬೇಕು. ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ಕೆತ್ತಬೇಕು. ಕಾಗದದ ಮೇಲೆ ಒತ್ತಿದಾಗ ನೇರವಾಗಿ ಬೀಳಬೇಕು. ಎಲ್ಲರ ಕೈಗೂ ಹತ್ತುವ ಕೆಲಸವಲ್ಲ.

ಒಂದು ದಿನ ಅಚ್ಚುಕೂಟದ ಯಜಮಾನ ಅವನನ್ನು ಕರೆಸಿದ. ಮುಂದಿನ ಸುಗ್ಗಿಯ ಹೊತ್ತಿಗೆ ಒಂದು ನಾಟಕ ಕಂಪನಿ ಊರಿಗೆ ಬರುವುದಿತ್ತು. ಸಂತೆಯ ಈ ತುದಿಯಲ್ಲಿ ಅಂಟಿಸಿದ ಕಾಗದ ಆ ತುದಿಗೆ ಕಾಣಬೇಕು, ಗಾಡಿಯಲ್ಲಿ ತೂಕಡಿಸುತ್ತ ಹೋಗುವವನು ಕಣ್ಣು ಬಿಟ್ಟು ಕೂರಬೇಕು, ಅಂಥ ಅಕ್ಷರ ಮಾಡಿಕೊಡು ಎಂದ.

ಬಡಗಿ ಮೊದಲು ಇದ್ದ ಅಕ್ಷರವನ್ನೇ ದಪ್ಪ ಮಾಡಿ ನೋಡಿದ. ನಮ್ಮ ಅಕ್ಷರ ದುಂಡಗಿನದು. ದಪ್ಪ ಮಾಡಿದಷ್ಟೂ ಒಳಗಿನ ಬಿಳಿ ಮುಚ್ಚಿಹೋಗಿ ರಾಗಿಮುದ್ದೆ ಇಟ್ಟ ಹಾಗೆ ಕಂಡಿತು. ಮೂರು ತಿಂಗಳು ಕೆತ್ತಿದ, ಕೆತ್ತಿದ್ದನ್ನೆಲ್ಲ ಒಲೆಗೆ ಹಾಕಿದ. ಆಮೇಲೆ ಒಂದು ಬೆಳಗ್ಗೆ ಬಳಸು ಗೆರೆಯನ್ನೇ ಬಿಟ್ಟುಬಿಟ್ಟ. ಅಕ್ಷರ ಬಾಗುವ ಕಡೆಯಲ್ಲೆಲ್ಲ ಉಳಿಯನ್ನು ನೆಟ್ಟಗೆ ಇಟ್ಟು ಒಂದೇ ಏಟು ಹಾಕಿದ. ಗುಂಡಗಿದ್ದ ಹೊಟ್ಟೆಗೆ ಮೂಲೆ ಬಂತು. ತಲೆಕಟ್ಟು ಕೊಡಲಿಯ ಅಲಗಿನ ಹಾಗಾಯಿತು. ಒಳಗಿನ ಬಿಳಿ ಗೋಡೆಯ ಕಿಂಡಿಯಷ್ಟು ಕಿರಿದಾಗಿ, ಆದರೆ ಚೊಕ್ಕವಾಗಿ ಉಳಿಯಿತು. ಅದನ್ನು ಅಚ್ಚು ಹಾಕಿ, ಗೋಡೆಗೆ ಅಂಟಿಸಿ, ಹಿಂದೆ ಹಿಂದೆ ನಡೆದು ನೋಡಿದ. ಇನ್ನೂರು ಹೆಜ್ಜೆ ಸರಿದರೂ ಅದು ನಿಂತಲ್ಲೇ ನಿಂತು ಅವನನ್ನು ಗದರಿಸುತ್ತಿತ್ತು.

ಎಂಟು ತಿಂಗಳು ಅಂಗಳದಲ್ಲಿ ಕೂತು, ಬೀಟೆ ಮರದಲ್ಲಿ, ಸ್ವರ ವ್ಯಂಜನ ಕಾಗುಣಿತ ಒತ್ತು ಎಲ್ಲವನ್ನೂ ಆ ಒಂದೇ ಕಟ್ಟಿನಲ್ಲಿ ಕೆತ್ತಿ ಮುಗಿಸಿದ. ಅವನ ಹೆಂಡತಿಗೆ ಓದು ಬರುತ್ತಿರಲಿಲ್ಲ. ಆದರೆ ದಿನವೂ ಚಕ್ಕೆ ಗುಡಿಸಿ, ಅಕ್ಷರಗಳನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿ ಒಳಗಿಡುತ್ತಿದ್ದವಳು ಅವಳೇ. ನಾಲ್ಕು ವರ್ಷದ ಮಗಳು ಕೆಟ್ಟುಹೋದ ತುಂಡುಗಳನ್ನು ಸಾಲಾಗಿ ನಿಲ್ಲಿಸಿ, ಇದು ಅತ್ತೆ, ಇದು ಸೊಸೆ ಎಂದು ಆಡುತ್ತಿದ್ದಳು. ಅಚ್ಚುಕೂಟದ ಮುಂದೆ ಮಾದರಿಯ ಕಾಗದ ತೂಗುಹಾಕಿದಾಗ ಜನ ನಿಂತು ನೋಡಿದರು. ಕೊಡಲಿ ಅಕ್ಷರ ಎಂದು ಹೆಸರಿಟ್ಟವರು ಅವರೇ. ಬಡಗಿಗೆ ಆ ಹೆಸರು ಹಿತವಾಗಿ ಕೇಳಿಸಿತು.

ಸರಕಿನ ಗುಣ ನೋಡಿದರೆ ಅದಕ್ಕೆ ಸಾಟಿಯಿರಲಿಲ್ಲ. ಆದರೆ ಒಂದು ಸರಕು ಮೊದಲು ಯಾರ ಕೈಗೆ ಹೋಗುತ್ತದೆ ಎಂಬುದು ಅದನ್ನು ಮಾಡಿದವನ ಕೈಯಲ್ಲಿಲ್ಲ. ನಾನೇ ಕಂಡಿದ್ದೇನೆ. ಒಂದು ಸಲ ನನ್ನ ಅಂಗಡಿಗೆ ನೀಲಿ ಅಂಚಿನ ಪಂಚೆ ತರಿಸಿದ್ದೆ. ನೂಲು ಒಳ್ಳೆಯದು, ಅಂಚು ಚೆನ್ನ. ಮೊದಲ ಜೋಡಿ ದೊಡ್ಡಮನೆಯ ಹಿರಿಯರ ಹೆಣದ ಮೇಲೆ ಹೋಯಿತು. ಊರೆಲ್ಲ ಸೇರಿ ನೋಡಿದ ಹೆಣ. ಆ ವರ್ಷ ಪೂರ್ತಿ ಉಳಿದ ಜೋಡಿಗಳು ಕಪಾಟು ಬಿಟ್ಟು ಇಳಿಯಲಿಲ್ಲ.

ನಾಟಕದವರು ಬರುವ ಮೊದಲೇ ಊರಿನಲ್ಲಿ ಇಲಿ ಸತ್ತು ಬಿದ್ದವು. ಮೊದಲು ಅಕ್ಕಿ ಮಂಡಿಯಲ್ಲಿ ಬಿದ್ದವು, ಆಮೇಲೆ ಅಗಸರ ಬೀದಿಯಲ್ಲಿ. ಎಂಟು ದಿನದೊಳಗೆ ಪ್ಲೇಗು ಎಂದು ಗೊತ್ತಾಯಿತು. ನಾಟಕ ಕಂಪನಿ ಇನ್ನೊಂದು ಊರಿನ ದಾರಿ ಹಿಡಿಯಿತು. ಅಮಲ್ದಾರರು ಅಚ್ಚುಕೂಟದ ಯಜಮಾನನಿಗೆ ಹೇಳಿ ಕಳಿಸಿದರು: ಕಾಯಿಲೆ ಬಿದ್ದ ಮನೆಯ ಬಾಗಿಲಿಗೆ ಅಂಟಿಸಲು ಕಾಗದ ಬೇಕು, ಯಾರೂ ಒಳಗೆ ಹೋಗಕೂಡದು ಎಂದಿರಬೇಕು, ಬೀದಿಯ ಆಚೆಯಿಂದ ಕಾಣಬೇಕು. ಅಷ್ಟು ದೊಡ್ಡದು ಅಲ್ಲಿ ಇದ್ದದ್ದು ಒಂದೇ. ಕೊಡಲಿ ಅಕ್ಷರ ಮೊದಲ ಸಲ ಕೆಲಸಕ್ಕೆ ಇಳಿಯಿತು.

ಕಾಗದ ಬಿದ್ದ ಮನೆಗೆ ಆಳುಗಳು ಬರುತ್ತಿದ್ದರು. ಹೆಂಚು ಇಳಿಸಿ ಒಳಗೆ ಬಿಸಿಲು ಬಿಡುತ್ತಿದ್ದರು. ಹಾಸಿಗೆ, ಕಂಬಳಿ, ಗೋಣಿ ಎಲ್ಲವನ್ನೂ ಬೀದಿಗೆ ಎಳೆದು ಸುಡುತ್ತಿದ್ದರು. ಕಾಯಿಲೆಯವರನ್ನು ಗಾಡಿಯಲ್ಲಿ ಸಾಗಿಸುತ್ತಿದ್ದರು. ಹೋದವರಲ್ಲಿ ತಿರುಗಿ ಬಂದವರು ಕಡಿಮೆ. ಇನ್ನೂರಕ್ಕೂ ಹೆಚ್ಚು ಬಾಗಿಲಿಗೆ ಆ ಕಾಗದ ಬಿತ್ತು.

ಊರಿನಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ಓದು ಬಾರದು. ಆದರೂ ಕಾಗದದಲ್ಲಿ ಏನಿದೆ ಎಂದು ಅವರು ಯಾರನ್ನೂ ಕೇಳಲಿಲ್ಲ. ಮೂಲೆಮೂಲೆಯಾದ ಆ ಕಪ್ಪು ಆಕಾರ ಕಂಡರೆ ಸಾಕು, ಮಕ್ಕಳ ಕಣ್ಣಿಗೆ ಸೆರಗು ಮುಚ್ಚಿ ಪಕ್ಕದ ಓಣಿಗೆ ತಿರುಗಿಕೊಳ್ಳುತ್ತಿದ್ದರು.

ಜನ ಊರು ಬಿಟ್ಟರು. ಮೂರು ಮೈಲಿ ದೂರದಲ್ಲಿ ಒಂದು ಹಳ್ಳದ ಬದಿಗೆ, ನೀರು ಸಿಗುವ ತಗ್ಗಿನಲ್ಲಿ, ಗುಡಿಸಲು ಹಾಕಿಕೊಂಡರು. ಬಡಗಿಯ ಹೆಂಡತಿಯೂ ಮಗಳನ್ನು ಎತ್ತಿಕೊಂಡು ಹೋದಳು. ಬಡಗಿ ಮಾತ್ರ ಹೋಗಲಿಲ್ಲ. ಕೊಡಲಿ ಅಕ್ಷರದಲ್ಲಿ ಒಂದು ಕೊರತೆ ಇತ್ತು. ದುಂಡು ಅಕ್ಷರ ಸವೆಯುತ್ತದೆ, ಮೂಲೆ ಸವೆಯುವುದಿಲ್ಲ, ಮುರಿಯುತ್ತದೆ. ಯಂತ್ರದ ಒತ್ತಿಗೆ ದಿನಕ್ಕೆ ನಾಲ್ಕೈದು ಮೂಲೆ ಹಾರಿಹೋಗುತ್ತಿದ್ದವು. ಕೂಡಲೇ ಹೊಸದು ಕೆತ್ತಿ ಕೊಡಲು ಅವನೇ ಬೇಕು. ತೋಳಿಗೆ ಸೂಜಿ ಹಾಕಿಸಿಕೊಂಡು ಅಚ್ಚುಕೂಟದಲ್ಲೇ ಉಳಿದ. ಊರೊಳಗೆ ಇದ್ದವರು ಗುಡಿಸಲಿನ ಕಡೆ ಸುಳಿಯಕೂಡದು ಎಂದು ಆಜ್ಞೆಯಾಗಿತ್ತು. ನಾಲ್ಕು ತಿಂಗಳು ಅವನು ಹೆಂಡತಿ ಮಗಳ ಮುಖ ಕಾಣಲಿಲ್ಲ.

ಬೇಸಗೆ ಏರಿದಂತೆ ಪ್ಲೇಗು ಇಳಿಯಿತು. ಒಂದು ತಿಂಗಳು ಒಂದೂ ಇಲಿ ಬೀಳಲಿಲ್ಲ. ಆಜ್ಞೆ ರದ್ದಾಯಿತು. ಆದರೆ ಅಷ್ಟರಲ್ಲಿ ಪಡುವಣ ದಿಕ್ಕಿನಲ್ಲಿ ಮೋಡ ಕಟ್ಟಿತ್ತು. ಗುಡಿಸಲುಗಳಿದ್ದದ್ದು ತಗ್ಗಿನಲ್ಲಿ. ಮಳೆ ಬೀಳುವ ಮೊದಲು ಜನರನ್ನು ಊರಿಗೆ ಕರೆಸಬೇಕು. ಡಂಗುರ ಹೊಡೆಯುವ ತಳವಾರ ಪ್ಲೇಗಿನಲ್ಲಿ ಹೋಗಿದ್ದ. ಗುಡಿಸಲು ಗುಡಿಸಲಿಗೆ ಹೋಗಿ ಹೇಳಿ ಬರಲು ಜವಾನರಿಗೆ ಇನ್ನೂ ಅಂಜಿಕೆ. ಅಮಲ್ದಾರರು ಮತ್ತೆ ಅಚ್ಚುಕೂಟಕ್ಕೆ ಬರೆದರು: ರೋಗ ಹೋಯಿತು, ಮಳೆಗೆ ಮುಂಚೆ ಎಲ್ಲರೂ ಊರಿಗೆ ಬನ್ನಿ ಎಂದು ಕಾಗದ ಹಾಕಿ.

ಅಚ್ಚುಕೂಟದಲ್ಲಿ ಮೊಳೆ ಜೋಡಿಸುವ ಮುದುಕನೊಬ್ಬನಿದ್ದ. ಬಡಗಿ ಕೊಡಲಿ ಅಕ್ಷರದ ಪೆಟ್ಟಿಗೆ ತೆರೆಯುತ್ತಿರುವುದನ್ನು ಕಂಡು ಅವನು ಕೈ ಅಡ್ಡ ಹಿಡಿದ.

"ಇದು ಬೇಡ ಕಣಯ್ಯ. ಮದುವೆ ಕಾಗದಕ್ಕೆ ಹಾಕುತ್ತೇವಲ್ಲ, ಆ ದುಂಡನೆಯದು ಹಾಕೋಣ. ನಿನ್ನ ಕೊಡಲಿ ಕಂಡರೆ ಜನ ಕಾಲಿಗೆ ಬುದ್ಧಿ ಹೇಳುತ್ತಾರೆ."

"ನಿನ್ನ ಮದುವೆ ಕಾಗದ ಓದಬೇಕಾದರೆ ಮೂಗು ತಗಲಿಸಬೇಕು ತಾತ. ಮೋಡ ನೋಡು. ಅದು ನಿನ್ನ ಕನ್ನಡಕಕ್ಕೆ ಕಾಯುತ್ತದೆಯೇ?"

"ಇನ್ನೂರು ಬಾಗಿಲಿಗೆ ಇದನ್ನೇ ಬಡಿದಿದ್ದೇವೆ. ಈಗ ಇದೇ ಮುಖ ಹೊತ್ತುಕೊಂಡು ಬನ್ನಿ ಬನ್ನಿ ಅಂದರೆ ಯಾರಯ್ಯ ಬರುತ್ತಾರೆ?"

"ಬರೆದಿರುವುದು ಬೇರೆಯಲ್ಲವೇ?" ಎಂದ ಬಡಗಿ.

ಮುದುಕ ಎಲೆಅಡಿಕೆ ಉಗಿದು ತನ್ನ ಕೆಲಸಕ್ಕೆ ಹೋದ. ಯಜಮಾನನಿಗೆ ವಾದ ಬೇಕಿರಲಿಲ್ಲ. ಅಮಲ್ದಾರರು ದೊಡ್ಡದು ಎಂದಿದ್ದಾರೆ, ದೊಡ್ಡದು ಹಾಕು ಎಂದ.

ಮುದುಕ ಹೇಳಿದ್ದು ಬಡಗಿಗೆ ಅರ್ಥವಾಗಲಿಲ್ಲ ಎಂದಲ್ಲ. ಆದರೆ ಅವನೊಳಗೆ ಒಂದು ಕುಟುಕು ಇತ್ತು. ರಾಜ ರಾಣಿಯರ ಹೆಸರು ಹೊರಲಿ, ಜನ ನೋಡಿ ನಗಲಿ ಎಂದು ಎಂಟು ತಿಂಗಳು ಬೆನ್ನು ಬಗ್ಗಿಸಿ ಕೆತ್ತಿದ ಅಕ್ಷರ ಅದು. ಒಂದೇ ಒಂದು ಸಂತೋಷದ ಮಾತನ್ನು ಅದು ಹೊತ್ತಿರಲಿಲ್ಲ. ಇವತ್ತು ಹೊರುತ್ತದೆ, ಇದನ್ನು ಬಿಟ್ಟರೆ ಇಂಥ ದಿನ ಮತ್ತೆ ಬಾರದು ಎಂದು ಅವನಿಗೆ ಅನ್ನಿಸಿತು. ತಾನೇ ನಡೆದುಹೋಗಿ ಹೆಂಡತಿ ಮಗಳನ್ನು ಕರೆತರಬಹುದಿತ್ತು. ಮೂರು ಮೈಲಿ ಏನು ದೂರ? ಆದರೆ ಸುತ್ತಲ ಹಳ್ಳಿಗಳಿಗೂ ಕಾಗದ ಹೋಗಬೇಕು, ಮೂಲೆಗಳು ಮುರಿಯುತ್ತಲೇ ಇದ್ದವು, ಕೈ ಬಿಡುವಾಗಲಿಲ್ಲ. ಇದು ಒಂದು ಕಾರಣ. ಇನ್ನೊಂದು ಕಾರಣವನ್ನು ಅವನು ಯಾರಿಗೂ ಹೇಳಲಿಲ್ಲ. ಹೆಂಡತಿ ತನ್ನ ಅಕ್ಷರ ನೋಡಿಯೇ ಬರಬೇಕು ಎಂಬ ಆಸೆ ಅವನಿಗಿತ್ತು. ಜವಾನನನ್ನು ಪಕ್ಕಕ್ಕೆ ಕರೆದು, ಬಡಗಿಗಳ ಗುಡಿಸಲಿನ ಎದುರಿಗೆ ಒಂದು ಹುಣಸೆಮರವಿದೆಯಂತೆ, ಅದಕ್ಕೆ ಒಂದು ಕಾಗದ ಅಂಟಿಸು, ಮರೆಯಬೇಡ ಎಂದು ಹೇಳಿ ಕಳಿಸಿದ.

ಜವಾನರು ಬೆಳಕು ಹರಿಯುವ ಹೊತ್ತಿಗೆ ಹೋಗಿ, ಮರಮರಕ್ಕೆ ಕಾಗದ ಅಂಟಿಸಿ, ಯಾರೊಡನೆಯೂ ಮಾತಾಡದೆ ಓಡಿ ಬಂದರು.

ಮೊದಲ ದಿನ ಮಧ್ಯಾಹ್ನದೊಳಗೆ ಓದು ಬಲ್ಲವರೆಲ್ಲ ಬಂದರು. ಶಾಲೆಯ ಮೇಷ್ಟರು, ಶಾನುಭೋಗರು, ನಾಲ್ಕಾರು ಅಂಗಡಿಯವರು ಮುಂತಾಗಿ ಒಟ್ಟು ನಲವತ್ತು ಮನೆ. ಬಡಗಿ ಊರಬಾಗಿಲಲ್ಲಿ ನಿಂತಿದ್ದ. ಹಿಂದೆ ಇನ್ನೂ ಜನ ಇದ್ದಾರೆಯೇ ಎಂದು ಮೇಷ್ಟರನ್ನು ಕೇಳಿದ. ಎಲ್ಲರೂ ಗಂಟು ಕಟ್ಟುತ್ತಿದ್ದರು, ನಮ್ಮ ಬೆನ್ನಿಗೇ ಹೊರಟಿರಬೇಕು ಎಂದರು ಮೇಷ್ಟರು. ಬಡಗಿ ನಕ್ಕು, ಅಚ್ಚುಕೂಟಕ್ಕೆ ಹೋಗಿ ಮುದುಕನಿಗೆ ಆ ಮಾತನ್ನು ಎರಡು ಸಲ ಹೇಳಿದ.

ಗಂಟು ಕಟ್ಟಿದ್ದು ನಿಜ. ಹೊರಟದ್ದೂ ನಿಜ. ಆದರೆ ಓದು ಬಾರದವರು ಕಂಡದ್ದು ಬೇರೆ. ಬೆಳಗೆದ್ದು ನೋಡಿದರೆ ಎದುರು ಮರಕ್ಕೆ ಆ ಅಕ್ಷರ ಬಂದು ಕೂತಿತ್ತು. ಅದನ್ನು ನೋಡಿದ್ದೇ ತಡ ಮೇಷ್ಟರ ಮನೆಯವರು ಗಡಿಬಿಡಿಯಲ್ಲಿ ಗಾಡಿ ಹೂಡಿದರು. ಶಾನುಭೋಗರು ಊಟ ಬಿಟ್ಟು ಎದ್ದರು. ಓದಿದವರೇ ಹೀಗೆ ಓಡುತ್ತಿದ್ದಾರೆ ಎಂದ ಮೇಲೆ ಇನ್ನೇನು ಕೇಳುವುದು? ಗುಡಿಸಲಿಗೂ ಬಂತು ಎಂದುಕೊಂಡರು. ಇನ್ನು ಆಳುಗಳು ಬರುತ್ತಾರೆ, ಗಾಡಿ ಬರುತ್ತದೆ ಎಂದುಕೊಂಡರು. ಊರಿನ ಕಡೆ ಬೆನ್ನು ತಿರುಗಿಸಿ, ಹಳ್ಳ ದಾಟಿ, ಆಚೆಯ ಕುರುಚಲು ಕಾಡಿಗೆ ನಡೆದರು.

ಎರಡನೆಯ ದಿನ ಊರಬಾಗಿಲಿಗೆ ಯಾರೂ ಬರಲಿಲ್ಲ. ಮಧ್ಯಾಹ್ನ ಮಳೆ ಹಿಡಿಯಿತು. ಬಡಗಿ ತಲೆಯ ಮೇಲೆ ಗೋಣಿ ಹಾಕಿಕೊಂಡು ಕತ್ತಲಾಗುವವರೆಗೆ ಅಲ್ಲೇ ನಿಂತಿದ್ದ. ಮಳೆ ಅಲ್ಲವೇ, ನಿಂತ ಮೇಲೆ ಬರುತ್ತಾರೆ ಎಂದು ದಾರಿಹೋಕರಿಗೆ ತಾನೇ ಸಮಾಧಾನ ಹೇಳಿದ. ಮಳೆ ನಿಲ್ಲಲಿಲ್ಲ.

ಮೂರನೆಯ ದಿನ ನಡೆದು ಹೋದ. ಗುಡಿಸಲುಗಳು ಬರಿದಾಗಿದ್ದವು. ತಗ್ಗಿನಲ್ಲಿ ಮೊಣಕಾಲುದ್ದ ನೀರು. ಹುಣಸೆಮರದ ಮೇಲೆ ಕಾಗದ ನೆನೆದು ಜೋತುಬಿದ್ದಿತ್ತು. ಅದರಲ್ಲಿ ಒಂದು ಮೂಲೆಯೂ ಮಸುಕಾಗಿರಲಿಲ್ಲ. ಅವನು ಹಳ್ಳದ ದಂಡೆಗೆ ಬಂದು ಕೂಗಿದ. ಕೆಂಪು ನೀರಿನ ಸದ್ದಿನಲ್ಲಿ ಕೂಗು ಆಚೆ ದಡ ಮುಟ್ಟಲಿಲ್ಲ. ನೀರು ಇಳಿಯಲು ಮತ್ತೆ ಎರಡು ದಿನ ಬೇಕಾಯಿತು. ಆ ಎರಡು ದಿನ ಅವನು ಊರಿಗೆ ಹೋಗಲಿಲ್ಲ.

ಐದನೆಯ ದಿನ ದಾಟಿ ಹೋದಾಗ ಹೆಂಡತಿ ಒಂದು ಬಂಡೆಯ ಮಗ್ಗುಲಲ್ಲಿ ಕೂತಿದ್ದಳು. ಮಡಿಲು ಬರಿದಾಗಿತ್ತು. ಹಳ್ಳ ದಾಟುವಾಗ ಮಗುವನ್ನು ತಲೆಯ ಮೇಲೆ ಕೂರಿಸಿಕೊಂಡು ದಾಟಿದ್ದಳು. ನೀರು ಮುಟ್ಟಲು ಬಿಟ್ಟಿರಲಿಲ್ಲ. ಆಮೇಲೆ ಮೇಲಿನಿಂದ ಸುರಿದದ್ದಕ್ಕೆ ಅವಳ ಬಳಿ ಸೂರಿರಲಿಲ್ಲ, ಒಣ ಬಟ್ಟೆಯಿರಲಿಲ್ಲ. ಎರಡು ದಿನ ನಡುಗಿತು. ಮೂರನೆಯ ದಿನ ನಡುಕ ನಿಂತಿತು. ಗಡ್ಡೆ ಎದ್ದಿರಲಿಲ್ಲ, ಪ್ಲೇಗಲ್ಲ. ಬರೀ ನೆನೆದದ್ದು. ಅಲ್ಲಿದ್ದವರೇ ಸೇರಿ ಮಣ್ಣು ಮಾಡಿದ್ದರು.

ಬಡಗಿ ಏನು ಕೇಳಬೇಕೋ ತಿಳಿಯದೆ, ಏಕೆ ಈ ಕಡೆ ಬಂದೆ ಎಂದು ಕೇಳಿದ.

"ನಿಮ್ಮ ಅಕ್ಷರ ಬಂತು, ಹೊರಟೆವು" ಎಂದಳು ಅವಳು. "ಊರು ಬಿಡುವ ದಿನ ನೀವೇ ಹೇಳಿದ್ದಿರಿ. ಇದನ್ನು ಕಂಡ ಕಡೆ ನಿಲ್ಲಬೇಡ, ಮಗೂನ ಎತ್ತಿಕೊಂಡು ದೂರ ಹೋಗು ಅಂತ. ನಾನು ನಿಲ್ಲಲಿಲ್ಲ."

ಬಡಗಿಗೆ ಅದು ಮರೆತುಹೋಗಿತ್ತು. ಹೇಳಿದ್ದು ಮಾತ್ರ ಅವನೇ. ಅವತ್ತು ಬೀದಿಬೀದಿಯಲ್ಲಿ ಗಂಡಸರೆಲ್ಲ ತಮ್ಮ ಹೆಂಡಿರಿಗೆ ಅದನ್ನೇ ಹೇಳಿದ್ದರು.

ಆ ಮಳೆಗೆ ಹದಿನೇಳು ಮಂದಿ ಹೋದರು. ಮುದುಕರು, ಬಾಣಂತಿಯರು, ಮಕ್ಕಳು. ಪ್ಲೇಗಿನಲ್ಲಿ ಸತ್ತವರ ಜೊತೆ ಅವರ ಹೆಸರನ್ನು ಬರೆಯಲಿಲ್ಲ. ಬೇರೆ ಎಲ್ಲೂ ಬರೆಯಲಿಲ್ಲ.

ಅಚ್ಚುಕೂಟದ ಯಜಮಾನ ವ್ಯವಹಾರಸ್ಥ. ಇನ್ನು ಈ ಊರಿನಲ್ಲಿ ಈ ಅಕ್ಷರ ನಡೆಯುವುದಿಲ್ಲ ಎಂದು ಅವನಿಗೆ ತಿಳಿಯಿತು. ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿಟ್ಟು, ಹತ್ತು ದಿನದ ದಾರಿಯಾಚೆ ಇನ್ನೊಂದು ಅಚ್ಚುಕೂಟಕ್ಕೆ ಮಾರಿದ. ಅಲ್ಲಿಯವರು ಅದನ್ನು ಹಿಂದೆಂದೂ ಕಂಡವರಲ್ಲ. ನಾಟಕಕ್ಕೆ ಹಾಕಿದರು, ಕುಸ್ತಿಗೆ ಹಾಕಿದರು. ಗೋಡೆಯ ಮೇಲೆ ಆ ಅಕ್ಷರ ಕಂಡರೆ ಆ ಊರಿನ ಮಕ್ಕಳು ಕೇಕೆ ಹಾಕಿ ಓಡಿ ಬರುತ್ತಿದ್ದರಂತೆ. ಅಕ್ಷರ ಅದೇ. ಒಂದು ಗೆರೆಯನ್ನೂ ಯಾರೂ ತಿದ್ದಿರಲಿಲ್ಲ.

ಬಡಗಿ ಮತ್ತೆ ಅಕ್ಷರ ಕೆತ್ತಲಿಲ್ಲ. ಬಾಗಿಲು ಮಾಡಿದ, ಮಂಚ ಮಾಡಿದ. ತೊಟ್ಟಿಲು ಕೇಳಿಕೊಂಡು ಬಂದವರನ್ನು ಬೇರೆ ಬಡಗಿಯ ಹತ್ತಿರ ಕಳಿಸಿದ. ಹೆಂಡತಿ ಅವನ ಜೊತೆಯೇ ಬಾಳಿದಳು. ಅವನನ್ನು ಒಂದು ದಿನವೂ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ವ್ಯಾಪಾರಿಯಾದ್ದರಿಂದ ತಪ್ಪು ಯಾರದೆಂದು ಗೊತ್ತಾಗದೆ ಮಹಾಲಿಂಗಪ್ಪನಿಗೆ ಏಳಲಾಗಲಿಲ್ಲ.

"ಬುದ್ಧಿ, ಆ ಕಾಗದದಲ್ಲಿ ಬರೆದದ್ದು ಸತ್ಯವೇ ಆಗಿತ್ತು" ಎಂದ. "ಓಡಿಹೋದವರು ಯಾರನ್ನಾದರೂ ಒಂದು ಮಾತು ಕೇಳಬಹುದಿತ್ತಲ್ಲ?"

ಗುರುಗಳು ಅವನ ಮುಖವನ್ನೇ ನೋಡುತ್ತ ಕೇಳಿದರು: "ನಿನ್ನ ತಮ್ಮ ಬಾಗಿಲು ಹಾಕಿಕೊಂಡದ್ದು ನೀನು ಹೇಳಿದ್ದನ್ನು ಕೇಳಿದ ಮೇಲೋ, ನಿನ್ನ ದನಿ ಕಿವಿಗೆ ಬಿದ್ದ ಕೂಡಲೋ?"